ದಂಡೆಯ ಮೇಲಿನ ಹೆಜ್ಜೆ ಯಾರದು?

ಸತೀಶ್ ಭಾಸ್ಕರ್ ಪ್ರವಾಸಕಥನವೊಂದನ್ನು ಬರೆದಿದ್ದರೆ ನಾವೆಲ್ಲ ಅದನ್ನು ಎಂದೋ ಓದಿ, ಒಬ್ಬರಿಗೊಬ್ಬರು ಉಡುಗೊರೆ ಕೊಟ್ಟು ಮುಗಿಸಿರುತ್ತಿದ್ದೆವು. 1977ರಿಂದ 1996ರವರೆಗೆ ಭಾರತದ ಕರಾವಳಿ ಮತ್ತು ದ್ವೀಪಗಳ ದಂಡೆಗಳಲ್ಲಿ ಅವರು ನಡೆದದ್ದು 4000 ಕಿಲೋಮೀಟರಿಗೂ ಹೆಚ್ಚು. ಹುಡುಕಿದ್ದು ಕಡಲಾಮೆಗಳನ್ನು, ಇನ್ನೂ ಸರಿಯಾಗಿ ಹೇಳುವುದಾದರೆ, ಆಮೆ ಬಂದು ಮೊಟ್ಟೆಯಿಟ್ಟು ಹೋದ ಗುರುತುಗಳನ್ನು. ಕಚ್ಛ್ ಕೊಲ್ಲಿ, ಲಕ್ಷದ್ವೀಪ, ಅಂಡಮಾನ್, ನಿಕೋಬಾರ್, ನಡುವೆ ಇಂಡೋನೇಷ್ಯಾದ ಪಪುವಾ. ಮದ್ರಾಸ್ ಐಐಟಿಯಲ್ಲಿ ಎಂಜಿನಿಯರಿಂಗ್ ಓದಲು ಬಂದು, ಅದನ್ನು ಅರ್ಧಕ್ಕೇ ಬಿಟ್ಟು ಕಡಲಿಗೆ ಹೋದವರು. 2023ರಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದದ್ದು ವರದಿಗಳನ್ನು.

ಈ ವರದಿಗಳನ್ನು ಬರಹವಾಗಿ, ಗದ್ಯವಾಗಿ ಓದಲು ಸಾಧ್ಯವೇ ಎಂಬುದು ನನ್ನ ಪ್ರಶ್ನೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ 1984ರಲ್ಲಿ ಹೊರತಂದ ಕಡಲಾಮೆ ಕಾರ್ಯಾಗಾರದ ಸಂಪುಟದಲ್ಲಿ ಅವರ ಲೇಖನವೊಂದಿದೆ: ಭಾರತದಲ್ಲಿ ಯಾವ ಕಡಲಾಮೆ ಎಲ್ಲಿದೆ, ಅದರ ಸ್ಥಿತಿ ಏನು. ಸಂಸ್ಥೆಯ ಜಾಲತಾಣದಲ್ಲಿ ಯಾರು ಬೇಕಾದರೂ ಓದಬಹುದು. ರಾಜ್ಯದಿಂದ ರಾಜ್ಯಕ್ಕೆ, ದ್ವೀಪದಿಂದ ದ್ವೀಪಕ್ಕೆ ಅದು ಸಾಗುತ್ತದೆ. ಅದರಲ್ಲಿ ಸೂರ್ಯಾಸ್ತವಿಲ್ಲ. ನಡೆದವನ ಕಾಲು ಎಲ್ಲೂ ನೋಯುವುದಿಲ್ಲ.

ನನ್ನ ಕೆಲಸದ ದೊಡ್ಡ ಪಾಲು ಸ್ಟೇಟಸ್ ರಿಪೋರ್ಟ್ ಬರೆಯುವುದು, ಬೇರೆಯವರು ಬರೆದದ್ದನ್ನು ಅನುಮಾನದಿಂದ ಓದುವುದು. ಹಾಗಾಗಿ ವರದಿ ಎಂಬ ಪ್ರಕಾರದ ಬಗ್ಗೆ ನನಗೆ ಭ್ರಮೆಯಿಲ್ಲ. ಕೆಂಪಿರುವಲ್ಲಿ ಹಸಿರು ಬಣ್ಣ ತುಂಬುವ ಕಲೆಯಲ್ಲಿ ನಮ್ಮ ಉದ್ಯಮ ಪಳಗಿದೆ. ಆದರೆ ಭಾಸ್ಕರ್ ಅವರ ಬರಹದಲ್ಲಿ ತಾನು ಕಂಡದ್ದು, ಇತರರಿಂದ ಕೇಳಿದ್ದು, ಗುರುತು ನೋಡಿ ಊಹಿಸಿದ್ದು ಈ ಮೂರೂ ಬೆರೆಯುವುದಿಲ್ಲ. ಈ ಶಿಸ್ತು ಕಾದಂಬರಿಕಾರರಲ್ಲೂ ಅಪರೂಪ. ಅದನ್ನೇ ನಾನು ಶೈಲಿ ಎನ್ನುತ್ತೇನೆ.

ಇದರ ಪಕ್ಕದಲ್ಲಿ ಈಗ ಎಲ್ಲರೂ ಓದುವ ಕರಾವಳಿ ನಡಿಗೆಯ ಪುಸ್ತಕವನ್ನು ಇಟ್ಟು ನೋಡಿ. ರೇನರ್ ವಿನ್ ಅವರ ‘ದ ಸಾಲ್ಟ್ ಪಾತ್’ 2018ರಲ್ಲಿ ಬಂತು. ಇಂಗ್ಲೆಂಡಿನ ನೈರುತ್ಯ ಕರಾವಳಿಯ ಹಾದಿ, 630 ಮೈಲಿ. ಮನೆ ಕಳೆದುಕೊಂಡ, ಗಂಡನ ಕಾಯಿಲೆ ಪತ್ತೆಯಾದ ದಂಪತಿ ಬೆನ್ನಿಗೆ ಚೀಲ ಹಾಕಿ ನಡೆಯುತ್ತಾರೆ. ಓದಿಸಿಕೊಂಡು ಹೋಗುವ ಪುಸ್ತಕ, ನಾನೂ ಎರಡೇ ರಾತ್ರಿಯಲ್ಲಿ ಮುಗಿಸಿದೆ. ಆದರೆ ಅಲ್ಲಿ ಕಡಲು ಇರುವುದು ಗುಣಪಡಿಸುವುದಕ್ಕೆ. ಹಕ್ಕಿಯೋ ಸೀಲೋ ಕಂಡರೆ ಅದು ನಡೆಯುವವರ ಆ ಹೊತ್ತಿನ ಮನಸ್ಸಿಗೆ ತಕ್ಕಂತೆ ಕಾಣುತ್ತದೆ. 2025ರಲ್ಲಿ ಬ್ರಿಟನ್ನಿನ ಪತ್ರಿಕೆಯೊಂದು ಪುಸ್ತಕದ ಹಿನ್ನೆಲೆಯ ಸಂಗತಿಗಳನ್ನು ಪ್ರಶ್ನಿಸಿತು, ಲೇಖಕಿ ಅದನ್ನು ಅಲ್ಲಗಳೆದರು. ಆ ಜಗಳದಲ್ಲಿ ತೀರ್ಪು ಕೊಡುವುದು ನನ್ನ ಕೆಲಸವಲ್ಲ. ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ: ವಾದವೆಲ್ಲ ನಡೆದದ್ದು ಮನೆ, ಸಾಲ, ಕಾಯಿಲೆಗಳ ಸುತ್ತ. ಸತ್ಯಾಸತ್ಯದ ಪ್ರಶ್ನೆ ಎದ್ದಾಗ ಕರಾವಳಿಯನ್ನು ಸಾಕ್ಷಿಗೆ ಕರೆಯುವ ಅಗತ್ಯವೇ ಯಾರಿಗೂ ಬೀಳಲಿಲ್ಲ.

ಭಾಸ್ಕರ್ ಅವರ ಬದುಕಿನಲ್ಲಿ ಕಥೆಗೇನೂ ಕೊರತೆಯಿರಲಿಲ್ಲ. ಲಕ್ಷದ್ವೀಪದ ಸುಹೇಲಿಯಲ್ಲಿ ಹಸಿರು ಆಮೆಗಳು ಮೊಟ್ಟೆಯಿಡಲು ಬರುವುದು ಮಳೆಗಾಲದಲ್ಲಿ. ಆಗ ಅಲ್ಲಿಗೆ ದೋಣಿ ಹೋಗುವುದಿಲ್ಲ. ಹಾಗಾಗಿ 1982ರಲ್ಲಿ ಮಳೆಗಾಲಕ್ಕೆ ಮೊದಲೇ ಆ ನಿರ್ಜನ ದ್ವೀಪದಲ್ಲಿ ಇಳಿದು, ಮಳೆ ಮುಗಿಯುವವರೆಗೆ ಸುಮಾರು ಐದು ತಿಂಗಳು ಒಬ್ಬರೇ ಉಳಿದರು. ಹೆಂಡತಿಗೆ ಬರೆದ ಪತ್ರವನ್ನು ಬಾಟಲಿಯಲ್ಲಿಟ್ಟು ಕಡಲಿಗೆ ಬಿಟ್ಟರು. ಅದು ತಿಂಗಳೊಳಗೆ ಶ್ರೀಲಂಕಾದ ದಡ ಸೇರಿ, ಒಬ್ಬ ಮೀನುಗಾರನ ಕೈಗೆ ಸಿಕ್ಕಿ, ಆತ ಅದನ್ನು ಅಂಚೆಗೆ ಹಾಕಿ, ಪತ್ರ ಮನೆ ಮುಟ್ಟಿತು. ಭಾಸ್ಕರ್ ಬಗ್ಗೆ ಯಾರು ಬರೆದರೂ ಬಾಟಲಿ ಬಂದೇ ಬರುತ್ತದೆ. ನೋಡಿ, ನಾನೂ ಬರೆದೆ. ಆ ಐದು ತಿಂಗಳಲ್ಲಿ ಎಷ್ಟು ಆಮೆ ಬಂದವು, ಯಾವ ರಾತ್ರಿ ಬಂದವು ಎಂಬುದು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ, ಅವರು ಅಲ್ಲಿ ಕುಳಿತದ್ದು ಅದಕ್ಕಾಗಿಯೇ ಆಗಿದ್ದರೂ. 2024ರಲ್ಲಿ ತಯಾರಾದ ಸಾಕ್ಷ್ಯಚಿತ್ರದ ಹೆಸರೂ ‘ಟರ್ಟಲ್ ವಾಕರ್’. ಆಮೆಗಿಂತ ನಡೆದವನು ಮುಂದೆ.

ಕಾರ್ತಿಕ್ ಶಂಕರ್ ಅವರ ‘ಫ್ರಮ್ ಸೂಪ್ ಟು ಸೂಪರ್‌ಸ್ಟಾರ್’ (2015) ಈ ಎರಡು ತುದಿಗಳ ನಡುವೆ ನಿಲ್ಲುವ ಪುಸ್ತಕ. ಶಂಕರ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿ. ವಿದ್ಯಾರ್ಥಿಯಾಗಿದ್ದಾಗ ಚೆನ್ನೈನ ದಂಡೆಯಲ್ಲಿ ರಾತ್ರಿ ನಡೆದೇ ಈ ದಾರಿ ಹಿಡಿದವರು. ಹೆಸರೇ ಹೇಳುವಂತೆ, ಸೂಪಿನ ಬಟ್ಟಲಿನಿಂದ ಸಂರಕ್ಷಣೆಯ ತಾರಾಪಟ್ಟಕ್ಕೆ ಕಡಲಾಮೆ ಏರಿದ ಕಥೆ. ಒಂದು ಕಾಲದಲ್ಲಿ ಒಡಿಶಾದ ಆಮೆಗಳು ರೈಲಿನಲ್ಲಿ ಕಲ್ಕತ್ತದ ಮಾರುಕಟ್ಟೆಗೆ ಹೋಗುತ್ತಿದ್ದವು. 1974ರಲ್ಲಿ ಗಹಿರ್‌ಮಥಾದ ಸಾಮೂಹಿಕ ಮೊಟ್ಟೆಯಿಡುವಿಕೆ ವಿಜ್ಞಾನದ ಕಣ್ಣಿಗೆ ಬಿತ್ತು. 1977ರಲ್ಲಿ ಕಡಲಾಮೆಗಳು ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿದವು. ಆಮೇಲೆ ಟ್ರಾಲರ್‌ಗಳು, ಬಂದರುಗಳು, ಮೀನುಗಾರರೊಂದಿಗೆ ಅರಣ್ಯ ಇಲಾಖೆಯ ಮುಗಿಯದ ತಿಕ್ಕಾಟ.

ಶಂಕರ್ ಅವರ ದೊಡ್ಡ ಗುಣ ತಮಾಷೆ. ಸಂರಕ್ಷಣೆಯ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಎಲ್ಲರೂ ಸಂತರು, ಎದುರಿನವರೆಲ್ಲ ಕಟುಕರು. ಇಲ್ಲಿ ಹಾಗಿಲ್ಲ. ತನ್ನ ಬಳಗದ ಒಳಜಗಳಗಳನ್ನೂ, ಧಾಮ್ರಾ ಬಂದರಿನ ವಿಷಯದಲ್ಲಿ ಸಂರಕ್ಷಕರೇ ಎರಡು ಪಾಳಯವಾದದ್ದನ್ನೂ ಮುಚ್ಚಿಡುವುದಿಲ್ಲ. ಆದರೂ ನನ್ನ ತಕರಾರೊಂದಿದೆ. ಪುಸ್ತಕ ಮುಂದುವರಿದಂತೆ ದಂಡೆ ಹಿಂದೆ ಸರಿದು ಸಭೆಗಳು ಮುಂದೆ ಬರುತ್ತವೆ. ಸಂಸ್ಥೆಗಳ ಇಂಗ್ಲಿಷ್ ಮೊದಲಕ್ಷರಗಳ ಕಾಡಿನಲ್ಲಿ ನಾನು ಎರಡು ಸಲ ದಾರಿ ತಪ್ಪಿದೆ. ಇತಿಹಾಸ ಬರೆಯುವವರಿಗೆ ಇದು ಅನಿವಾರ್ಯ ಎನ್ನಬಹುದು. ಆದರೆ ರಾತ್ರಿ ಹನ್ನೊಂದಕ್ಕೆ ಹೊರಟು ಬೆಳಗಿನ ಜಾವಕ್ಕೆ ಮುಟ್ಟುವ ನಡಿಗೆಯನ್ನು ಒಳಗಿನಿಂದ ಬಲ್ಲವರು ಇವರು. ಅದು ಇನ್ನಷ್ಟು ಪುಟ ಕೇಳುತ್ತಿತ್ತು.

ಆ ನಡಿಗೆ ಈಗಲೂ ಇದೆ. ಚೆನ್ನೈನಲ್ಲಿರುವ ನಮ್ಮ ಓದುಗರು ಒಮ್ಮೆಯಾದರೂ ಹೋಗಬೇಕು. 1988ರಲ್ಲಿ ಶುರುವಾದ ವಿದ್ಯಾರ್ಥಿಗಳ ಕಡಲಾಮೆ ಸಂರಕ್ಷಣಾ ಬಳಗ ಜನವರಿಯಿಂದ ಶುರುವಾಗುವ ಹಂಗಾಮಿನಲ್ಲಿ ನೀಲಾಂಕರೈನಿಂದ ಬೆಸೆಂಟ್ ನಗರದವರೆಗೆ ಸುಮಾರು ಏಳು ಕಿಲೋಮೀಟರ್ ನಡೆಯುತ್ತದೆ. ಟಾರ್ಚ್ ಹಾಕುವಂತಿಲ್ಲ. ಮೊದಲ ಅರ್ಧ ಗಂಟೆ ಏನೂ ಕಾಣುವುದಿಲ್ಲ, ಆಮೇಲೆ ಮರಳು ಓದಲು ಬರುತ್ತದೆ. ಆಲಿವ್ ರಿಡ್ಲಿಯ ಜಾಡಿನಲ್ಲಿ ಎಡಬಲದ ಗುರುತುಗಳು ಒಂದರ ನಂತರ ಒಂದು ಬೀಳುತ್ತವೆ, ನಮ್ಮ ಹೆಜ್ಜೆಗಳ ಹಾಗೆ. ಹಸಿರು ಆಮೆ, ಲೆದರ್‌ಬ್ಯಾಕ್‌ಗಳು ಎರಡೂ ಮುಂಗಾಲನ್ನು ಒಟ್ಟಿಗೆ ಎಳೆಯುವುದರಿಂದ ಗುರುತುಗಳು ಜೋಡಿಜೋಡಿಯಾಗಿ ಎದುರುಬದುರು ಇರುತ್ತವೆ. ಲೆದರ್‌ಬ್ಯಾಕ್‌ನದಾದರೆ ಜಾಡಿನ ಅಗಲವೇ ಎರಡು ಮೀಟರಿನವರೆಗೂ ಹೋಗುತ್ತದೆ, ಟ್ರ್ಯಾಕ್ಟರ್ ಹೋದ ಹಾಗೆ. ಮೇಲೆ ಹತ್ತಿದ ಜಾಡು, ಕೆಳಗಿಳಿದ ಜಾಡು, ನಡುವೆ ಕೆದರಿದ ಮರಳು. ಅಲ್ಲಿ ಕೋಲಿನಿಂದ ಮೆಲ್ಲಗೆ ಒತ್ತಿ ನೋಡುತ್ತಾರೆ; ಮರಳು ತಟ್ಟನೆ ಸಡಿಲವಾಗಿ ಸಿಕ್ಕರೆ ಕೆಳಗೆ ನೂರರ ಆಸುಪಾಸು ಮೊಟ್ಟೆ. ನಾಯಿ ಅಗೆಯುವ ಮೊದಲು, ಬೀದಿದೀಪ ಮರಿಗಳನ್ನು ರಸ್ತೆಯ ಕಡೆ ಕರೆಯುವ ಮೊದಲು, ಅವನ್ನು ಎತ್ತಿ ಹ್ಯಾಚರಿಗೆ ಒಯ್ಯುತ್ತಾರೆ. ನಾನು ಹೋದ ರಾತ್ರಿ ಒಂದೇ ಗೂಡು ಸಿಕ್ಕಿತು, ಎರಡು ಸತ್ತ ಆಮೆ ಸಿಕ್ಕವು. ಸತ್ತವನ್ನೂ ಅಳೆದು ಬರೆದುಕೊಂಡರು.

ಆ ರಾತ್ರಿಯ ನಂತರ ಭಾಸ್ಕರ್ ಅವರ ವರದಿಗಳನ್ನು ಮತ್ತೆ ತೆರೆದಾಗ ಒಣ ವಾಕ್ಯಗಳು ಬೇರೆಯಾಗಿ ಕೇಳಿಸಿದವು. ಒಂದು ದಂಡೆಯಲ್ಲಿ ಇಷ್ಟು ಜಾಡು ಎಂದು ಬರೆಯಲು ಅವರು ಆ ದಂಡೆಯನ್ನು ಪೂರ್ತಿ ನಡೆದಿರಬೇಕು. ಸೊನ್ನೆ ಎಂದು ಬರೆಯಲೂ ಅಷ್ಟೇ ನಡೆದಿರಬೇಕು. ಸಾಹಿತ್ಯದ ನಡಿಗೆಯಲ್ಲಿ ಏನೂ ಸಿಗದ ದಂಡೆಗೆ ಜಾಗವಿಲ್ಲ, ಸಂಪಾದಕರು ಕತ್ತರಿಸುತ್ತಾರೆ. ವರದಿಯಲ್ಲಿ ಅದಕ್ಕೂ ಒಂದು ಸಾಲು ಉಂಟು.

ವರದಿಗೂ ಅದರದೇ ಕುರುಡುತನವಿದೆ. ಆಮೆ ಬರುವ ತಿಂಗಳು, ಮೊಟ್ಟೆ ಸಿಗುವ ಜಾಗ ಹೇಳಿದವರು ಅಲ್ಲಿನ ಮೀನುಗಾರರು, ನಿಕೋಬಾರಿಗಳು, ದೋಣಿ ನಡೆಸುವವರು. ಬರಹದಲ್ಲಿ ಅವರು ‘ಸ್ಥಳೀಯರ ಮಾಹಿತಿ’ ಎಂಬ ಎರಡು ಪದಗಳಲ್ಲಿ ಕರಗಿಹೋಗುತ್ತಾರೆ. ಇಲ್ಲಿ ನನಗೆ ತೇಜಸ್ವಿ ನೆನಪಾಗುತ್ತಾರೆ. ‘ಕರ್ವಾಲೊ’ದಲ್ಲಿ ವಿಜ್ಞಾನಿ ಎಷ್ಟು ದೊಡ್ಡವನಾದರೂ ಹಾರುವ ಓತಿ ನೋಡಿದವನು ಮಂದಣ್ಣ, ಮತ್ತು ಕಾದಂಬರಿ ಅದನ್ನು ಒಂದು ಕ್ಷಣವೂ ಮರೆಯುವುದಿಲ್ಲ. ಭಾಸ್ಕರ್ ಅವರ ಎಷ್ಟೋ ಮಂದಣ್ಣರಿಗೆ ಹೆಸರಿಲ್ಲ. ಶಂಕರ್ ಇದನ್ನು ಬಲ್ಲವರು, ಮೀನುಗಾರರ ಪರವಾಗಿ ವಾದಿಸುವವರು. ಆದರೆ ಅವರಲ್ಲೂ ಮೀನುಗಾರರು ಸಮುದಾಯವಾಗಿ ಬರುವಷ್ಟು ವ್ಯಕ್ತಿಗಳಾಗಿ ಬರುವುದಿಲ್ಲ.

ಕನ್ನಡದಲ್ಲಿ ಕಡಲಿಗೇನೂ ಬರವಿಲ್ಲ. ಕಾರಂತರ ‘ಮರಳಿ ಮಣ್ಣಿಗೆ’ಯ ಅಂಗಳದಲ್ಲೇ ಅದು ಮೊರೆಯುತ್ತದೆ. ಹನೇಹಳ್ಳಿಯ ಚಿತ್ತಾಲರು, ಗೋಕರ್ಣದ ಜಯಂತ ಕಾಯ್ಕಿಣಿ ಇಬ್ಬರೂ ವಿಜ್ಞಾನ ಓದಿ, ಮುಂಬಯಿಯಲ್ಲಿ ದುಡಿದು, ಊರಿನ ಕರಾವಳಿಯನ್ನು ಅಲ್ಲಿಂದ ಬರೆದರು. ಹೊರನಾಡಿನ ನಮಗೆ ಅವರು ಹತ್ತಿರವಾಗುವುದೂ ಅದಕ್ಕೇ. ಆದರೆ ನಮ್ಮ ಕಡಲು ಹೆಚ್ಚಾಗಿ ನೆನಪು, ಭಯ, ದೂರ ಹೋದವರ ದಾರಿ, ಇಲ್ಲವೇ ಊಟದ ತಟ್ಟೆ. ಉಬ್ಬರ ಇಳಿದ ಮೇಲೆ ದಂಡೆಯಲ್ಲಿ ಉಳಿಯುವ ಜೀವ ತಾನಾಗಿಯೇ ಪಾತ್ರವಾದದ್ದು ಕಡಿಮೆ. ತೇಜಸ್ವಿಯವರೇ ‘ಅಲೆಮಾರಿಯ ಅಂಡಮಾನ್’ ಬರೆದರು. ನನಗೆ ಪ್ರಿಯವಾದ ಪುಸ್ತಕ ಅದು, ಆದರೆ ಹೆಸರೇ ಹೇಳುವಂತೆ ಅಲೆಮಾರಿಯದು. ಮಲೆನಾಡಿಗೆ ಸಿಕ್ಕಂತಹ ‘ಕರ್ವಾಲೊ’ ನಮ್ಮ ಕರಾವಳಿಗೆ ಇನ್ನೂ ಸಿಕ್ಕಿಲ್ಲ.

ಇದು ಬರೀ ಅಭಿರುಚಿಯ ಪ್ರಶ್ನೆಯಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಗ್ರೇಟ್ ನಿಕೋಬಾರಿನ ಗಲಾಥಿಯಾ ಕೊಲ್ಲಿ ಲೆದರ್‌ಬ್ಯಾಕ್‌ಗಳು ಮೊಟ್ಟೆಯಿಡುವ ಜಾಗ ಎಂಬುದು ದಾಖಲಾದದ್ದು ಭಾಸ್ಕರ್ ಅವರಂಥವರ ನಡಿಗೆಯಿಂದ. 2004ರ ಸುನಾಮಿಯಲ್ಲಿ ಆ ದಂಡೆಯೇ ಕೊಚ್ಚಿಹೋಯಿತು. ಕ್ರಮೇಣ ಮರಳು ಮತ್ತೆ ಕೂಡಿತು, ಆಮೆಗಳೂ ಮರಳಿದವು. 2021ರ ಜನವರಿಯಲ್ಲಿ ಅಲ್ಲಿನ ವನ್ಯಧಾಮದ ಅಧಿಸೂಚನೆ ರದ್ದಾಯಿತು. 2022ರ ನವೆಂಬರಿನಲ್ಲಿ ಬಂದರು, ವಿಮಾನ ನಿಲ್ದಾಣ, ಪಟ್ಟಣ, ವಿದ್ಯುತ್ ಸ್ಥಾವರಗಳ ಯೋಜನೆಗೆ ಪರಿಸರ ಅನುಮತಿ ಸಿಕ್ಕಿತು. ಅಂದಾಜು ವೆಚ್ಚ 72,000 ಕೋಟಿ ರೂಪಾಯಿ. ಈ ಯೋಜನೆಯ ಬಗ್ಗೆ ಯಾವ ಕಡೆಯವರು ವಾದಿಸಿದರೂ ಆಮೆ ಎಷ್ಟು, ಎಲ್ಲಿ, ಯಾವ ತಿಂಗಳು ಎಂಬಲ್ಲಿಗೆ ಬರಲೇಬೇಕು. ಅಲ್ಲಿಗೆ ಬಂದಾಗ ಕೆಲಸಕ್ಕೆ ಬರುವುದು ಭಾಸ್ಕರ್ ಮತ್ತು ಅವರ ನಂತರದವರ ಎಣಿಕೆ. ಬಾಟಲಿಯ ಕಥೆ ಅಲ್ಲಿ ಯಾರಿಗೂ ಬೇಕಾಗುವುದಿಲ್ಲ. ಹಾಗೆಯೇ 2025ರ ಜನವರಿಯಲ್ಲಿ ಚೆನ್ನೈ ಕರಾವಳಿಯಲ್ಲಿ ಸಾವಿರಕ್ಕೂ ಹೆಚ್ಚು ಆಲಿವ್ ರಿಡ್ಲಿಗಳು ಸತ್ತು ದಡಕ್ಕೆ ಬಿದ್ದಾಗ ಅದು ಸುದ್ದಿಯಾದದ್ದು, ದಿನವೂ ನಡೆದು ಒಂದೊಂದನ್ನೇ ಎಣಿಸಿದವರು ಇದ್ದುದರಿಂದ.

ಶಂಕರ್ ಅವರ ಪುಸ್ತಕ ಕನ್ನಡಕ್ಕೆ ಬರಬೇಕೆಂದು ನನಗೆ ಆಸೆ. ಜೊತೆಗೆ ಭಾಸ್ಕರ್ ಅವರ ಒಂದೆರಡು ವರದಿಗಳನ್ನು ಅನುಬಂಧವಾಗಿ, ಕೋಷ್ಟಕಗಳ ಸಮೇತ ಹಾಕಬೇಕು. ಅನುವಾದಕ್ಕೆ ಕುಳಿತವರಿಗೆ ಮೊದಲ ಪುಟದಲ್ಲೇ ಪದಗಳ ತೊಡಕು ಎದುರಾಗುತ್ತದೆ. ನಾನೇ ಎರಡು ಪುಟ ಪ್ರಯತ್ನಿಸಿ ನಿಲ್ಲಿಸಿದ್ದೇನೆ. ಸಾವಿರಾರು ಆಮೆಗಳು ಒಂದೇ ರಾತ್ರಿ ದಡ ಹತ್ತುವುದಕ್ಕೆ ಸ್ಪ್ಯಾನಿಷ್‌ನಲ್ಲಿ ‘ಅರಿಬಾಡ’, ಅಂದರೆ ಆಗಮನ. ಕನ್ನಡದಲ್ಲಿ ‘ಸಾಮೂಹಿಕ ಮೊಟ್ಟೆಯಿಡುವಿಕೆ’ ಎಂದು ಮೇಲೆ ಬರೆದೆನಲ್ಲ, ಅದು ಸರ್ಕಾರಿ ಸುತ್ತೋಲೆಯ ಭಾಷೆ. ಆಮೆಯ ಜಾಡಿಗೆ, ಗೂಡಿನ ಮೇಲೆ ಅದು ಕೆದರಿದ ಮರಳಿಗೆ, ಈಜುಗೈಯಾದ ಮುಂಗಾಲಿಗೆ ಒಂದೊಂದು ಪದ ಬೇಕು. ಹೊನ್ನಾವರದ ಕಾಸರಕೋಡು ಟೊಂಕದ ದಂಡೆಗೆ ಆಲಿವ್ ರಿಡ್ಲಿಗಳು ಈಗಲೂ ಬರುತ್ತವೆ. ಅನುವಾದಕರು ನಿಘಂಟು ಮುಚ್ಚಿಟ್ಟು ಮೊದಲು ಅಲ್ಲಿನ ಮೀನುಗಾರರ ಮನೆಗಳಿಗೆ ಹೋಗಿ ಕೇಳಬೇಕು, ಕೇಳಿದ್ದನ್ನು ಹೇಳಿದವರ ಹೆಸರಿನ ಜೊತೆಗೇ ಅಚ್ಚು ಹಾಕಬೇಕು.