ಕಸೆ ಕಟ್ಟಿದ ಮೀನಾಕ್ಷಿ

ಅಂಕೋಲೆಯ ಗದ್ದೆಬಯಲಲ್ಲಿ ಯಕ್ಷಗಾನದ ಆಟ ನೋಡುತ್ತ ಬೆಳೆದ ನನಗೆ ರಾಜಕುಮಾರಿ ಅಂದರೆ ಇವತ್ತಿಗೂ ‘ಮೀನಾಕ್ಷಿ ಕಲ್ಯಾಣ’ ಪ್ರಸಂಗದ ಮೀನಾಕ್ಷಿಯೇ. ಮಕ್ಕಳಿಲ್ಲದ ಮಧುರೆಯ ಮಲಯಧ್ವಜ ಪಾಂಡ್ಯ ಯಾಗ ಮಾಡಿದ. ಬೆಂಕಿಯಿಂದ ಎದ್ದು ಬಂದದ್ದು ಮೂರು ಮೊಲೆಯ ಹೆಣ್ಣುಮಗು. ಕೈಹಿಡಿಯುವವನನ್ನು ಕಂಡ ಕ್ಷಣ ಒಂದು ಮಾಯವಾಗುತ್ತದೆಂದು ಅಶರೀರವಾಣಿ ನುಡಿಯಿತು. ತಂದೆ ಅವಳಿಗೆ ಶಸ್ತ್ರವಿದ್ಯೆ ಕಲಿಸಿದ. ಅವನ ನಂತರ ರಾಜ್ಯದ ಭಾರ ಹೊತ್ತು ಅವಳು ದಿಗ್ವಿಜಯಕ್ಕೆ ಹೊರಟಳು.

ಯಕ್ಷಗಾನದಲ್ಲಿ ಇಂಥವರಿಗೆಂದೇ ಒಂದು ಬಗೆಯಿದೆ: ಕಸೆ ಸ್ತ್ರೀವೇಷ. ಬೇರೆ ಪ್ರಸಂಗಗಳ ಪ್ರಮೀಳೆ, ಶಶಿಪ್ರಭೆಯರೂ ಈ ಸಾಲಿನವರೇ. ಸೀರೆಯನ್ನು ಕಚ್ಚೆ ಹಾಕಿ ಬಿಗಿದು, ಬಿಲ್ಲು ಹಿಡಿದು ಬರುವ ಈ ವೇಷವನ್ನು ತೂಗಿಸುವುದು ಬಹಳ ಕಷ್ಟ. ಹೆಜ್ಜೆಯಲ್ಲಿ ಪುರುಷವೇಷದ ಗತ್ತು ಬೇಕು, ಕುತ್ತಿಗೆಯ ಕೊಂಕಿನಲ್ಲಿ ಹೆಣ್ತನ ತಪ್ಪಬಾರದು. ಗತ್ತು ಹೆಚ್ಚಾದರೆ ಬರೀ ಗಂಡುವೇಷ. ಲಾಲಿತ್ಯ ಹೆಚ್ಚಾದರೆ ಯುದ್ಧಕ್ಕೆ ಹೊರಟವಳು ಅಂತ ಯಾರೂ ನಂಬುವುದಿಲ್ಲ.

ನಾನು ಕಾಯುವುದು ಕೈಲಾಸದ ಘಟ್ಟಕ್ಕೆ. ದಿಕ್ಪಾಲಕರನ್ನು ಗೆದ್ದು ಬಂದವಳು ಶಿವನೆದುರೂ ಬಾಣ ಹೂಡುತ್ತಾಳೆ. ಚಂಡೆ ಮೊರೆಯುತ್ತಿರುತ್ತದೆ. ಕಣ್ಣಿಗೆ ಕಣ್ಣು ಕೂಡುತ್ತದೆ. ಒಂದು ಮೊಲೆ ಮಾಯವಾದದ್ದನ್ನು ಒಳ್ಳೆಯ ವೇಷಧಾರಿ ಎದೆ ಮುಟ್ಟಿ ತೋರಿಸಲು ಹೋಗುವುದಿಲ್ಲ. ಸೆಟೆದ ಮೊಣಕೈ ಸಡಿಲಾಗುತ್ತದೆ, ಬಿಲ್ಲಿನ ತುದಿ ನಿಧಾನಕ್ಕೆ ನೆಲಕ್ಕಿಳಿಯುತ್ತದೆ, ಅಷ್ಟೆ. ಚಂಡೆ ನಿಂತು ಮದ್ದಳೆಯೊಂದೇ ಉಳಿದಾಗ, ಕಂಬಳಿ ಹೊದ್ದು ತೂಕಡಿಸುತ್ತಿದ್ದವರೂ ಎದ್ದು ಕೂತಿರುತ್ತಾರೆ.