ಮನುಷ್ಯಕೃತವೆಂಬುದಕ್ಕೆ ಪ್ರಮಾಣವೇನು?

ಒಂದು ಗ್ರಂಥವು ಯಾರಿಂದ ರಚಿತವಾಯಿತೆಂಬ ಪ್ರಶ್ನೆಯು ಕನ್ನಡ ವಿದ್ವಾಂಸರಿಗೆ ಹೊಸದಲ್ಲ. ಅದು ಮನುಷ್ಯನಿಂದಲೇ ರಚಿತವಾಯಿತೆ ಎಂಬ ಪ್ರಶ್ನೆಯು ಮಾತ್ರ ತೀರ ಈಚಿನದು. ೨೦೨೨ನೆಯ ಇಸವಿಯ ನವೆಂಬರಿನಲ್ಲಿ ಚಾಟ್‌ಜಿಪಿಟಿ ಎಂಬ ಭಾಷಾಯಂತ್ರವು ಸಾರ್ವಜನಿಕರ ಕೈಗೆ ಬಂದ ಮೇಲೆ, ವಿದ್ಯಾರ್ಥಿಯ ಪ್ರಬಂಧವು ಸುಲಲಿತವಾಗಿರುವುದೇ ಅವನ ಮೇಲಣ ಅಪವಾದಕ್ಕೆ ಕಾರಣವಾಗುವ ಕಾಲವೊದಗಿತು. ಅಂತಹ ಅಪವಾದಕ್ಕೆ ಗುರಿಯಾದವನು ತನ್ನ ಬರಹವು ತನ್ನದೇ ಎಂದು ಹೇಗೆ ಸ್ಥಾಪಿಸಬೇಕು? ಬರಹವೊಂದನ್ನೇ ಪರೀಕ್ಷಿಸಿ ಇದನ್ನು ನಿರ್ಣಯಿಸಬಹುದೆಂಬ ನಂಬಿಕೆಯು ಎಷ್ಟರಮಟ್ಟಿಗೆ ಸಾಧುವೆಂಬುದು ವಿಚಾರಣೀಯವಾಗಿದೆ.

ಕರ್ತೃನಿರ್ಣಯಕ್ಕೆ ಬಳಸುವ ಪ್ರಮಾಣಗಳು ಎರಡು ಬಗೆ. ಭಾಷೆ, ಶೈಲಿ, ಅಂಕಿತಗಳು ಅಂತರಂಗ ಪ್ರಮಾಣಗಳು. ಶಾಸನ, ಅನ್ಯಕವಿಗಳ ಉಲ್ಲೇಖ, ಹಸ್ತಪ್ರತಿಗಳ ಚರಿತ್ರೆ ಇವು ಬಹಿರಂಗ ಪ್ರಮಾಣಗಳು. ಮೊದಲನೆಯ ಬಗೆಯನ್ನೇ ನೆಚ್ಚಿದರೆ ಆಗುವ ತೊಡಕಿಗೆ ಕವಿರಾಜಮಾರ್ಗವು ಪ್ರಸಿದ್ಧವಾದ ನಿದರ್ಶನ. ೧೮೯೮ರಲ್ಲಿ ಕೆ. ಬಿ. ಪಾಠಕರು ಅದನ್ನು ನೃಪತುಂಗನ ಕೃತಿಯೆಂದೇ ಪ್ರಕಟಿಸಿದರು. ಗ್ರಂಥದಲ್ಲಿಯೇ ಬರುವ ‘ಅನುಮತ’ವೆಂಬ ಮಾತನ್ನು ಹಿಡಿದು, ಅರಸನು ಒಪ್ಪಿದವನೇ ಹೊರತು ಬರೆದವನಲ್ಲವೆಂದೂ, ಬರೆದವನು ಶ್ರೀವಿಜಯನೆಂದೂ ಇತರರು ವಾದಿಸಿದರು. ಗ್ರಂಥವೊಂದೇ, ನಿರ್ಣಯಗಳು ಮಾತ್ರ ಎರಡು. ವಚನಗಳಲ್ಲಿಯೂ ಅಂಕಿತವೊಂದನ್ನೇ ನಂಬಿದರೆ ಪ್ರಕ್ಷಿಪ್ತಗಳು ಮೂಲವಚನಗಳ ಪಂಕ್ತಿಯಲ್ಲಿಯೇ ಕುಳಿತುಬಿಡುತ್ತವೆ.

ಅಂತರಂಗ ಪ್ರಮಾಣವು ವ್ಯರ್ಥವೆಂದು ಇದರ ಅರ್ಥವಲ್ಲ. ೧೭೮೭–೮೮ರಲ್ಲಿ ಅಮೆರಿಕದಲ್ಲಿ ಗುಪ್ತನಾಮದಿಂದ ಹೊರಟ ಫೆಡರಲಿಸ್ಟ್ ಲೇಖನಗಳ ಪೈಕಿ ಹನ್ನೆರಡು ಹ್ಯಾಮಿಲ್ಟನ್ನನವೋ ಮ್ಯಾಡಿಸನ್ನನವೋ ಎಂಬ ವಿವಾದವಿದ್ದಿತು. ಮಾಸ್ಟೆಲರ್ ಮತ್ತು ವಾಲೆಸ್ ಎಂಬ ಸಂಖ್ಯಾಶಾಸ್ತ್ರಜ್ಞರು ೧೯೬೪ರ ತಮ್ಮ ಗ್ರಂಥದಲ್ಲಿ, ‘ಅಪಾನ್’ ಎಂಬಂತಹ ಅತಿಸಾಮಾನ್ಯ ಪದಗಳ ಬಳಕೆಯನ್ನು ಎಣಿಸಿ, ಅವು ಮ್ಯಾಡಿಸನ್ನನವೆಂದು ತೋರಿಸಿದರು. ಆದರೆ ಅಲ್ಲಿ ಇದ್ದವರು ಇಬ್ಬರು. ಇಬ್ಬರ ನಿರ್ವಿವಾದವಾದ ಬರಹಗಳೂ ತೂಗಿನೋಡಲು ದೊರೆತಿದ್ದುವು. ಯಂತ್ರಕ್ಕಾದರೋ ತನ್ನದೆಂಬ ಒಂದು ನಿಶ್ಚಿತ ಶೈಲಿಯಿಲ್ಲ. ಹೇಳಿದವರ ಮಾತಿನಂತೆ ಅದು ವೇಷವನ್ನು ಬದಲಿಸುತ್ತದೆ.

ಈಗ ಪ್ರಚಾರದಲ್ಲಿರುವ ಪತ್ತೆಯ ಸಾಧನಗಳ ಕ್ರಮವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ನೋಡುವುದು ಅವಶ್ಯಕ. ಭಾಷಾಯಂತ್ರವು ಹಿಂದಿನ ಪದಗಳನ್ನು ನೋಡಿ ಮುಂದೆ ಯಾವ ಪದವು ಬರುವ ಸಂಭವವುಂಟೆಂದು ಗಣಿಸುತ್ತ ವಾಕ್ಯವನ್ನು ಕಟ್ಟುತ್ತದೆ. ಪತ್ತೆಯ ಸಾಧನಗಳಲ್ಲಿ ಹಲವು ಇದನ್ನೇ ತಿರುಗಿಸಿ ಪ್ರಯೋಗಿಸುತ್ತವೆ: ಮುಂದಿನ ಪದವು ಸುಲಭವಾಗಿ ಊಹೆಗೆ ಸಿಕ್ಕಿದರೆ ಬರಹವು ಯಂತ್ರದ್ದು; ಅನಿರೀಕ್ಷಿತವಾಗಿದ್ದರೆ ಮನುಷ್ಯನದು. ಈ ಅಳತೆಗೋಲನ್ನು ಒಪ್ಪಿದರೆ ಅಷ್ಟಾದಶ ವರ್ಣನೆಗಳನ್ನು ತಪ್ಪದೆ ತಂದ ನಮ್ಮ ಚಂಪೂಕವಿಗಳ ಗತಿಯೇನು? ಚಂದ್ರೋದಯವಾದೊಡನೆ ನೈದಿಲೆ ಅರಳಬೇಕು, ಚಕೋರವು ಬರಬೇಕು, ವಿರಹಿಯು ಬೇಯಬೇಕು. ಊಹೆಗೆ ಇದಕ್ಕಿಂತ ಸುಲಭವಾದುದು ಯಾವುದು? ಸಂಪ್ರದಾಯಬದ್ಧನಾದ ಕವಿಯು ಮಧ್ಯಮನೆನ್ನಿಸಿಕೊಳ್ಳಬಹುದು, ಮನುಷ್ಯನಲ್ಲವೆನ್ನಿಸಿಕೊಳ್ಳುವುದು ಹೇಗೆ?

ಇದು ಬರಿಯ ಕುತರ್ಕವಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು ೨೦೨೩ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಪರೀಕ್ಷೆಗೆಂದು ಬರೆದ ೯೧ ಪ್ರಬಂಧಗಳನ್ನು ಏಳು ಸಾಧನಗಳಿಗೆ ಒಡ್ಡಲಾಯಿತು. ಸರಾಸರಿ ನೂರಕ್ಕೆ ಅರವತ್ತೊಂದು ಯಂತ್ರಕೃತವೆಂದು ತಪ್ಪಾಗಿ ನಿರ್ಣೀತವಾದುವು. ೧೮ ಪ್ರಬಂಧಗಳ ವಿಷಯದಲ್ಲಿ ಏಳೂ ಸಾಧನಗಳು ಏಕಕಂಠದಿಂದ ತಪ್ಪಿದುವು. ಅಮೆರಿಕದ ಎಂಟನೆಯ ತರಗತಿಯ ಮಕ್ಕಳ ಪ್ರಬಂಧಗಳಾದರೋ ಬಹುಮಟ್ಟಿಗೆ ಪಾರಾದುವು. ಪರಭಾಷೆಯಲ್ಲಿ ಬರೆಯುವವನ ಶಬ್ದಭಂಡಾರವು ಸಣ್ಣದು, ವಾಕ್ಯಗಳು ಕಲಿತ ಅಚ್ಚಿನವು. ಆ ಬಡತನವೇ ಅವನಿಗೆ ಮುಳುವಾಯಿತು. ಇನ್ನೂ ವಿಚಿತ್ರವೆಂದರೆ, ಅದೇ ಪ್ರಬಂಧಗಳ ಶಬ್ದಸಂಪತ್ತನ್ನು ಯಂತ್ರದಿಂದಲೇ ಹೆಚ್ಚಿಸಿದಾಗ ಸಾಧನಗಳ ತಪ್ಪು ಬಹಳ ಕಡಮೆಯಾಯಿತು! ಚಾಟ್‌ಜಿಪಿಟಿಯನ್ನು ನಿರ್ಮಿಸಿದ ಓಪನ್‌ಎಐ ಸಂಸ್ಥೆಯು ತಾನೇ ಹೊರತಂದ ಪತ್ತೆಯ ಸಾಧನವನ್ನು, ನಿಖರತೆ ಸಾಲದೆಂದು, ಆರು ತಿಂಗಳಲ್ಲಿ, ೨೦೨೩ರ ಜುಲೈನಲ್ಲಿ, ಹಿಂತೆಗೆದುಕೊಂಡಿತು. ಇಂಗ್ಲಿಷಿನಲ್ಲಿ ಉತ್ತರ ಬರೆಯುವ ಕನ್ನಡ ವಿದ್ಯಾರ್ಥಿಗಳ ಅಧ್ಯಾಪಕರು ಈ ಸಂಗತಿಗಳನ್ನು ಲಕ್ಷಿಸಬೇಕು.

ದೋಷಗಳೇ ಮನುಷ್ಯನ ಗುರುತೆಂದು ಕೆಲವರು ಹೇಳುವುದುಂಟು. ಓಲೆಯ ಪ್ರತಿಗಳಲ್ಲಿ ಒಂದೇ ಪದವು ಎರಡು ಕಡೆ ಬಂದಾಗ ಕಣ್ಣು ಜಾರಿ ನಡುವಣ ಪಾಠವು ಬಿಟ್ಟುಹೋಗಿರುವುದನ್ನು ಸಂಪಾದಕರೆಲ್ಲರೂ ಬಲ್ಲರು. ಆದರೆ ಆ ದೋಷವು ತಿಳಿಸುವುದು ಪ್ರತಿಮಾಡಿದ ಕೈಯನ್ನು, ರಚಿಸಿದ ಮನಸ್ಸನ್ನಲ್ಲ. ಮೇಲಾಗಿ, ತಪ್ಪು ಮಾಡೆಂದರೆ ಯಂತ್ರವು ತಪ್ಪನ್ನೂ ಮಾಡುತ್ತದೆ.

ಹೀಗೆ ವಿಷಯವು ಬಹಿರಂಗ ಪ್ರಮಾಣಕ್ಕೆ ಬಂದು ನಿಲ್ಲುತ್ತದೆ. ಅರಿಕೇಸರಿಯು ತನಗೆ ಧರ್ಮವುರವೆಂಬ ಅಗ್ರಹಾರವನ್ನು ಕೊಟ್ಟನೆಂದು ಪಂಪನು ತನ್ನ ಭಾರತದಲ್ಲಿ ಹೇಳಿಕೊಂಡಿದ್ದಾನೆ. ಅದು ಕವಿಯ ಸ್ವಂತ ಮಾತು. ಇಂದಿನ ತೆಲಂಗಾಣದ ಕರೀಂನಗರ ಜಿಲ್ಲೆಯ ಕುರ್ಕ್ಯಾಲದ ಬಂಡೆಯ ಮೇಲೆ ಅವನ ತಮ್ಮನಾದ ಜಿನವಲ್ಲಭನು ಸಂಸ್ಕೃತ, ಕನ್ನಡ, ತೆಲುಗುಗಳಲ್ಲಿ ಕೆತ್ತಿಸಿದ ಶಾಸನವು ಬೆಳಕಿಗೆ ಬಂದಾಗ ಆ ಮಾತಿಗೆ ಹೊರಗಣ ಸಾಕ್ಷಿ ದೊರೆಯಿತು. ಶೈಲಿಯ ಪರೀಕ್ಷೆಯು ಎಷ್ಟೇ ಸೂಕ್ಷ್ಮವಾಗಿದ್ದರೂ ಆ ಕಲ್ಲಿನ ಕೆಲಸವನ್ನು ಮಾಡಲಾರದು. ಕಲ್ಲು ದೊರೆಯುವುದಕ್ಕೆ ಮುಂಚೆ ಪಂಪನನ್ನು ಯಾರೂ ಸುಳ್ಳುಗಾರನೆಂದು ದಂಡಿಸಲಿಲ್ಲವೆಂಬುದೂ ಗಮನಾರ್ಹ. ಸಾಕ್ಷಿಯ ಅಭಾವವು ಅಪರಾಧಕ್ಕೆ ಸಾಕ್ಷಿಯಲ್ಲ.

ಇಂದಿನ ಲೇಖಕನಿಗೆ ಬಂಡೆಯಿಲ್ಲ. ಅವನಿಗಿರುವ ಬಹಿರಂಗ ಪ್ರಮಾಣಗಳು ಕರಡುಗಳು, ಹೊಡೆದುಹಾಕಿದ ಸಾಲುಗಳು, ಓದಿದ ಪುಸ್ತಕದ ಅಂಚಿನ ಟಿಪ್ಪಣಿಗಳು, ಬರೆಯುತ್ತಿದ್ದಾಗ ಕಂಡವರ ಮಾತು. ಕರಡುಗಳನ್ನೂ ಯಂತ್ರವು ಕಲ್ಪಿಸಿಕೊಡಬಲ್ಲದೆಂಬ ಆಕ್ಷೇಪವು ಸರಿಯೇ. ಆದರೆ ಎರಡನೆಯ ಕರಡಿನಲ್ಲಿದ್ದ ದೃಷ್ಟಾಂತವನ್ನು ಮೂರನೆಯದರಲ್ಲಿ ಏಕೆ ಬಿಟ್ಟೆಯೆಂದು ಅಧ್ಯಾಪಕನು ಕೇಳಬಹುದು. ಬಿಟ್ಟವನು ಉತ್ತರ ಕೊಟ್ಟಾನು, ತಪ್ಪಾಗಿಯಾದರೂ ಕೊಟ್ಟಾನು. ಸಾಧನವು ತೋರಿಸುವ ಶೇಕಡಾಂಕವನ್ನು ಹಾಗೆ ಪ್ರಶ್ನಿಸಲು ಬರುವುದಿಲ್ಲ.