ನಂಬರ್ ನಿಂತಿತು, ಕಣ್ಣು ಬೆಳೆಯಿತು

ಮಗುವಿನ ಮೈನಸ್ ನಂಬರ್ ಏರುತ್ತಲೇ ಇದೆ ಎಂದು ಕಣ್ಣಿನ ವೈದ್ಯರ ಬಳಿಗೆ ಹೋಗುವ ತಂದೆತಾಯಿಗೆ ಇಂದು ಸಿಗುವ ಸಲಹೆಗಳಲ್ಲಿ ಮೊದಲನೆಯದು ಶೇ 0.01ರ ಅಟ್ರೋಪಿನ್ ಹನಿ. ರಾತ್ರಿ ಮಲಗುವಾಗ ಒಂದು ಹನಿ ಸಾಕು. ಬಿಸಿಲಿಗೆ ಕಣ್ಣು ಕೋರೈಸುವುದು, ಪುಸ್ತಕದ ಅಕ್ಷರ ಮಸುಕಾಗುವುದು ತೀರಾ ಕಡಿಮೆ. ಈ ಹನಿಯ ಕೀರ್ತಿ ಅದರ ಯೋಗ್ಯತೆಯನ್ನು ಮೀರಿ ಬೆಳೆದಿದೆ ಎಂಬುದು ನನ್ನ ವಾದ.

ಕೀರ್ತಿಯ ಮೂಲ 2012ರಲ್ಲಿ ಸಿಂಗಪುರದಿಂದ ಪ್ರಕಟವಾದ ‘ಆಟಮ್-2’ ಪ್ರಯೋಗ. 400 ಮಕ್ಕಳು, ಶೇ 0.5, 0.1 ಮತ್ತು 0.01 ಎಂಬ ಮೂರು ಪ್ರಮಾಣಗಳು. ಔಷಧವಿಲ್ಲದ ಹನಿ ಪಡೆದ ಗುಂಪೇ ಇರಲಿಲ್ಲ. ಎರಡು ವರ್ಷದಲ್ಲಿ ಶೇ 0.01ರ ಮಕ್ಕಳ ನಂಬರ್ ಸರಾಸರಿ 0.49 ಡಯಾಪ್ಟರ್ ಏರಿತು. ಹೋಲಿಕೆಗೆ ಬಳಸಿದ್ದು 2006ರಲ್ಲಿ ಪ್ರಕಟವಾಗಿದ್ದ ಹಿಂದಿನ ಪ್ರಯೋಗದ, ಔಷಧ ಪಡೆಯದ ಮಕ್ಕಳನ್ನು. ಅವರಲ್ಲಿ ಏರಿಕೆ 1.20. ಹನಿ ಶೇ 60ರಷ್ಟು ತಡೆಯುತ್ತದೆ ಎಂಬ ಮಾತು ಹುಟ್ಟಿದ್ದು ಈ ಎರಡು ಅಂಕಿಗಳ ನಡುವಿನಿಂದ.

ಅದೇ ವರದಿಯಲ್ಲಿ ಇನ್ನೊಂದು ಅಂಕಿಯಿದೆ. ಆ ಎರಡು ವರ್ಷದಲ್ಲಿ ಶೇ 0.01ರ ಮಕ್ಕಳ ಕಣ್ಣುಗುಡ್ಡೆ 0.41 ಮಿಲಿಮೀಟರ್ ಉದ್ದವಾಯಿತು. ಹಳೆಯ ಪ್ರಯೋಗದಲ್ಲಿ ಔಷಧವೇ ಇಲ್ಲದೆ ಉದ್ದವಾದದ್ದು 0.38. ನಂಬರ್ ತಡೆದಂತೆ ಕಂಡಿತು, ಕಣ್ಣು ಮಾತ್ರ ಬೆಳೆಯುತ್ತಲೇ ಹೋಯಿತು. ಮಕ್ಕಳ ಸಮೀಪದೃಷ್ಟಿ ಎಂದರೆ ಬಹುಪಾಲು ಕಣ್ಣುಗುಡ್ಡೆ ಉದ್ದವಾಗುವ ತೊಂದರೆಯೇ. ನಡುವಯಸ್ಸಿನಲ್ಲಿ ಅಕ್ಷಿಪಟಲ ಹರಿಯುವುದು, ಕಳಚುವುದು, ಅದರ ನಡುಭಾಗ ಸವೆಯುವುದು ಈ ಹಿಗ್ಗುವಿಕೆಯಿಂದ. ಒಮ್ಮೆ ಉದ್ದವಾದ ಕಣ್ಣನ್ನು ಹಿಂದಿನ ಅಳತೆಗೆ ತರುವ ಚಿಕಿತ್ಸೆ ಇಲ್ಲ. ಅಟ್ರೋಪಿನ್ ನೋಟ ಹೊಂದಿಸುವ ಸ್ನಾಯುವನ್ನು ಸಡಿಲಿಸುವ ಔಷಧ. ಆ ಸಡಿಲಿಕೆಯೊಂದೇ ನಂಬರನ್ನು ತುಸು ಕಡಿಮೆ ತೋರಿಸಬಲ್ಲದು.

ಇಲ್ಲಿ ಹನಿಯ ಸಮರ್ಥಕರು ಒಂದು ಆಕ್ಷೇಪ ಎತ್ತುತ್ತಾರೆ: ಹಳೆಯ ಪ್ರಯೋಗ ಉದ್ದವನ್ನು ಅಲ್ಟ್ರಾಸೌಂಡ್‌ನಿಂದ ಅಳೆಯಿತು, ಹೊಸದು ಬೆಳಕಿನ ಉಪಕರಣದಿಂದ, ಎರಡನ್ನೂ ಎದುರುಬದುರು ಇಡಬಾರದು. ಒಪ್ಪೋಣ. ಹಾಗಾದರೆ ಅದೇ ಎರಡು ಗುಂಪುಗಳ ನಂಬರನ್ನು ಎದುರುಬದುರು ಇಟ್ಟು ಶೇ 60 ಎಂದು ಸಾರಿದ್ದು ಹೇಗೆ? ಅನುಕೂಲವಾದ ಅಂಕಿಗೆ ಹೋಲಿಕೆ ನ್ಯಾಯ, ಅನನುಕೂಲವಾದದ್ದಕ್ಕೆ ಅನ್ಯಾಯ ಎನ್ನುವುದು ವಿಜ್ಞಾನದ ರೀತಿಯಲ್ಲ. ಮುಂದೆ ಹಾಂಗ್‌ಕಾಂಗ್‌ನ ‘ಲ್ಯಾಂಪ್’ ಪ್ರಯೋಗ ಔಷಧವಿಲ್ಲದ ಗುಂಪನ್ನೂ ಇಟ್ಟುಕೊಂಡೇ ಅಳೆಯಿತು. 2019ರಲ್ಲಿ ಬಂದ ಅದರ ಒಂದು ವರ್ಷದ ಫಲಿತಾಂಶದಲ್ಲಿ ಕಣ್ಣು ಉದ್ದವಾದದ್ದು ಔಷಧವಿಲ್ಲದೆ 0.41 ಮಿಲಿಮೀಟರ್, ಶೇ 0.01ರಲ್ಲಿ 0.36, ಶೇ 0.05ರಲ್ಲಿ 0.20. ನಮ್ಮ ದೇಶದ ಹಲವು ಕೇಂದ್ರಗಳಲ್ಲಿ ನಡೆದ ಪ್ರಯೋಗದಲ್ಲೂ ಶೇ 0.01ರ ಹನಿ ನಂಬರಿನ ಏರಿಕೆಯನ್ನು ತಗ್ಗಿಸಿತು. ಉದ್ದದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. 2023ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ನಂಬರಿನಲ್ಲೂ ಲಾಭ ಸಿಗಲಿಲ್ಲ.

ಹನಿಯ ಪರವಾಗಿ ಹೇಳಬೇಕಾದದ್ದೂ ಇದೆ. ನಿಲ್ಲಿಸಿದ ಮೇಲೆ ನಂಬರ್ ಜಿಗಿಯುವುದು ಈ ಪ್ರಮಾಣದಲ್ಲಿ ಕಡಿಮೆ. 2023ರದೇ ಇನ್ನೊಂದು ದೊಡ್ಡ ಪ್ರಯೋಗ ಮೂರು ವರ್ಷದಲ್ಲಿ ಉದ್ದದಲ್ಲಿ ತುಸು ಲಾಭವನ್ನೂ ಕಂಡಿತು. ಆದರೆ ‘ಹಾನಿಯಂತೂ ಇಲ್ಲವಲ್ಲ’ ಎಂಬ ಸಮಾಧಾನವನ್ನು ನಾನು ಒಪ್ಪಲಾರೆ. ಸಮೀಪದೃಷ್ಟಿ ಎಷ್ಟು ಎಳೆಯ ವಯಸ್ಸಿನಲ್ಲಿ ಬರುತ್ತದೋ ಅಷ್ಟು ವೇಗವಾಗಿ ಏರುತ್ತದೆ. ಏಳರ ಮಗುವಿಗೆ ದುರ್ಬಲ ಹನಿ ಹಾಕಿ ನೆಮ್ಮದಿಯಾಗಿ ಕಳೆದ ಎರಡು ವರ್ಷಗಳೇ ದೊಡ್ಡ ಹಾನಿ.

ಬಿಡಿಕಾಸು ಖರ್ಚಿಲ್ಲದ ಉಪಾಯಕ್ಕೆ ಇಷ್ಟು ಕೀರ್ತಿ ಸಿಕ್ಕಿಲ್ಲ. ಚೀನಾದ ಗ್ವಾಂಗ್‌ಜೌ ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚು ಹೊರಗೆ ಕಳೆದ ಮಕ್ಕಳಲ್ಲಿ ಮೂರು ವರ್ಷದಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದದ್ದು ಶೇ 30.4ರಷ್ಟು, ಉಳಿದವರಲ್ಲಿ ಶೇ 39.5. ನಂಬರ್ ಇನ್ನೂ ಬಾರದ ಮಕ್ಕಳಿಗೆ ಮೊದಲ ಮದ್ದು ಬಯಲಿನ ಬೆಳಕು. ಬಂದ ಮೇಲೆ ತಂದೆತಾಯಿ ಕೇಳಬೇಕಾದದ್ದು ಇಷ್ಟು: ಕಣ್ಣಿನ ಉದ್ದವನ್ನು ಅಳೆದಿದ್ದೀರಾ, ಆರು ತಿಂಗಳ ನಂತರ ಮತ್ತೆ ಅಳೆಯುತ್ತೀರಾ, ಅದು ನಿಲ್ಲದಿದ್ದರೆ ಪ್ರಮಾಣವನ್ನು ಶೇ 0.05ಕ್ಕೆ ಏರಿಸುತ್ತೀರಾ? ಉದ್ದವನ್ನು ಅಳೆಯದೆ ಬರೆದುಕೊಡುವ ಶೇ 0.01ರ ಹನಿಯನ್ನು ಚಿಕಿತ್ಸೆ ಎಂದು ಒಪ್ಪಿಕೊಳ್ಳಬೇಡಿ.